ಪುಟ್ಟಸ್ವಾಮಿಯ ನಂಬರು

ಹೆಗ್ಗದ್ದೆಯ ಕಾಫಿ ಎಸ್ಟೇಟ್ ಆಫೀಸಿಗೆ ಲೆಕ್ಕ ಬರೆಯುವ ಹೊಸ ರೈಟರ್ ಲೋಕೇಶ ಇವತ್ತೇ ಸೇರಿದ, ಗೆಳೆಯರೇ. ಲಿನಕ್ಸ್ ಕಂಪ್ಯೂಟರಿನಲ್ಲಿ ಒಂದಕ್ಷರ ಉಳಿಸುವ ಮೊದಲೇ ಅವನ ಡಿಸ್ಕ್ ಕೋಟಾ, ಅಂದರೆ ಫೈಲಿಡಲು ಅವನಿಗೆ ಕೊಟ್ಟ ಜಾಗ, ತುಂಬಿದೆ ಎಂದು ಬಂತು. ಕಂಪ್ಯೂಟರ್ ರಿಪೇರಿಯವನೆಂದು ನನ್ನನ್ನು ಕರೆಸಿದರು. ನೋಡಿದರೆ, ತೀರಿಹೋದ ರೈಟರ್ ಪುಟ್ಟಸ್ವಾಮಿಯ ಫೈಲುಗಳೆಲ್ಲ ಲೋಕೇಶನವೇ ಎಂದು ತೋರಿಸುತ್ತಿತ್ತು. ಫೈಲು ಯಾರದೆಂದು ತಿಳಿಯಲು ಕಂಪ್ಯೂಟರಿಗೆ ಹೆಸರು ಮುಖ್ಯವಲ್ಲ, ಯೂಸರ್ ನಂಬರ್ ಮುಖ್ಯ.

"ಅವರ ಯೂಸರ್ ನಂಬರನ್ನೇ ಇವನಿಗ್ಯಾಕೆ ಕೊಟ್ರಿ?" ಎಂದು ಮ್ಯಾನೇಜರನ್ನು ಕೇಳಿದೆ.

"ಎಸ್ಟೇಟಲ್ಲಿ ಸತ್ತೋರ ನಂಬರ್ ಖಾಲಿ ಬಿಡಲ್ಲ ಕಣ್ರೀ. ಹೊಸಬರಿಗೆ ಕೊಟ್ಬುಡ್ತೀವಿ."

ಲೋಕೇಶನಿಗೆ ಹೊಸ ನಂಬರ್ ಕೊಟ್ಟೆ. ಕೋಟಾ ಸರಿಹೋಯಿತು. ಹೊರಡುವಾಗ ಕಾಫಿ ಮೂಟೆ ಇಡುವ ಸ್ಟೋರಿನಿಂದ ಯಾರೋ ಹಳೇ ಅಭ್ಯಾಸದಲ್ಲಿ "ಪುಟ್ಟಸ್ವಾಮಣ್ಣಾ" ಎಂದು ಕೂಗಿದರು.

ಲೋಕೇಶ ತಲೆಯೆತ್ತದೆ, "ಬಂದೆ ಇರು ಮಾರಾಯ" ಅಂದ.

ಮ್ಯಾನೇಜರ್ ನನ್ನ ಮುಖ ನೋಡಿದರು. ನಾನು ರಿಪೇರಿ ಮಾಡುವುದು ಕಂಪ್ಯೂಟರ್ ಮಾತ್ರ ಎಂದು ಹೇಳಿ ಬೈಕ್ ಹತ್ತಿದೆ.