ಕೊಡುಗೈ ದಾನಿಯ ಮಗಳು

ಅತ್ತಿಗುಪ್ಪೆಯ ಬಟ್ಟೆ ಅಂಗಡಿಯಲ್ಲಿ ದಿನವಿಡೀ ಸೀರೆ ಬಿಡಿಸಿ ಮಡಿಸುವ ದಿವ್ಯಳಿಗೆ ಗಿರಾಕಿಗಳ ಸುಳ್ಳು ಕೇಳಿ ಅಭ್ಯಾಸವಿತ್ತು. ಆದರೆ ಬಿಟ್ಟುಹೋದ ಗಂಡ ಯೋಗಾನಂದ ಕೋರ್ಟಿಗೆ ಬರೆದುಕೊಟ್ಟದ್ದನ್ನು ವಕೀಲರು ಓದಿ ಹೇಳಿದಾಗ, ಇಂಥ ಸುಳ್ಳನ್ನು ಯಾವ ಗಿರಾಕಿಯೂ ಹೇಳಿರಲಿಲ್ಲ ಎನಿಸಿತು. ತನಗೆ ಕೆಲಸವಿಲ್ಲ, ಅಮ್ಮ ಹಾಕಿದ ಅನ್ನ ತಿಂದುಕೊಂಡಿದ್ದೇನೆ, ಮಗಳ ಖರ್ಚಿಗೆ ಕೊಡಲು ಬಿಡಿಗಾಸೂ ಇಲ್ಲ ಎಂದಿದ್ದ. ಶ್ರೀಗಂಧದ ಕಾವಲು ಬಡಾವಣೆಯಲ್ಲಿರುವ ಅವನ ಕುಟುಂಬದ ಮನೆಗಳ ಬಾಡಿಗೆಯನ್ನು ತಿಂಗಳು ತಿಂಗಳೂ ವಸೂಲಿ ಮಾಡುವವನು ಅವನೇ.

“ಕೆಲ್ಸ ಇಲ್ಲ ಅಂದ ಮಾತ್ರಕ್ಕೆ ತಪ್ಪಿಸ್ಕೊಳಕ್ಕಾಗಲ್ಲಮ್ಮ,” ಎಂದರು ವಕೀಲರು. “ಗಟ್ಟಿಮುಟ್ಟಾಗಿರೋ ಅಪ್ಪ ದುಡಿದಾದ್ರೂ ಮಗೂನ ಸಾಕ್ಬೇಕು. ಅವರ ಕೈಲಿ ದುಡ್ಡು ಓಡಾಡ್ತಿದೆ ಅನ್ನೋದಕ್ಕೆ ಏನಾದ್ರೂ ಸಿಕ್ರೆ ತನ್ನಿ.”

ಹುಡುಕಿಕೊಂಡು ಹೋಗಬೇಕಾಗಲಿಲ್ಲ. ಮಗಳು ಕವನಾಳನ್ನು ಸ್ಕೂಲಿಂದ ಕರೆತರುವಾಗ ಬಸ್ ಸ್ಟಾಪಿನ ಕಂಬದ ಮೇಲೆಯೇ ಯೋಗಾನಂದ ಸಿಕ್ಕಿದ. ಹುಟ್ಟುಹಬ್ಬಕ್ಕೆ ತಾನೇ ದುಡ್ಡು ಕೊಟ್ಟು ಕಟ್ಟಿಸಿಕೊಂಡ ಫ್ಲೆಕ್ಸು. ‘ಕೊಡುಗೈ ದಾನಿ, ಬಡಮಕ್ಕಳ ಬಂಧು ಯೋಗಾನಂದಣ್ಣ’ ಎಂದು ದಪ್ಪ ಅಕ್ಷರ. ಚಿತ್ರದಲ್ಲಿ ಅವನ ಕೊರಳಲ್ಲಿ ಬೆರಳುಗಾತ್ರದ ಚಿನ್ನದ ಸರ. ಸಾಲಾಗಿ ನಿಂತ ಮಕ್ಕಳಿಗೆ ಸ್ಕೂಲ್ ಬ್ಯಾಗು ಹಂಚುತ್ತಾ, ಒಂದು ಮಗುವಿನ ಮುಖವನ್ನೂ ನೋಡದೆ ಕ್ಯಾಮೆರಾ ಕಡೆ ಹಲ್ಲು ಕಿರಿದಿದ್ದ. ಥೂ, ಇಂಥವನ ಎಂಜಲು ತಟ್ಟೆ ತೊಳೆದೆನಲ್ಲ ಎಂದು ಅಸಹ್ಯಪಟ್ಟುಕೊಳ್ಳುತ್ತಲೇ ದಿವ್ಯ ಮೊಬೈಲಿನಲ್ಲಿ ಫೋಟೋ ತೆಗೆದಳು.

ಹೊಲಿಗೆ ಬಿಟ್ಟ ತನ್ನ ಬ್ಯಾಗನ್ನು ಎದೆಗೆ ಅವುಚಿಕೊಂಡು ಕವನಾ ತಲೆಯೆತ್ತಿ ನೋಡುತ್ತಿದ್ದಳು.

“ಅಮ್ಮ, ಮುಂದಿನ್ಸಲ ನಾನೂ ಆ ಲೈನಲ್ಲಿ ನಿಂತ್ಕೊಳ್ಲಾ? ನಾನು ಅಂತ ಗೊತ್ತಾಗ್ದೆ ಇದ್ರೆ ಅಪ್ಪ ಕೊಡ್ತಾರೆ.”