ಊದುಬತ್ತಿ ವಾಸನೆಯ ಕಾದಂಬರಿ

ಚೆನ್ನೈ ನುಂಗಂಬಾಕ್ಕಂನ ನಮ್ಮ ಕನ್ನಡ ಓದುಗರ ಕೂಟದಲ್ಲಿ ಆರು ಜನ, ಪುಸ್ತಕ ಮಾತ್ರ ಒಂದೇ ಪ್ರತಿ. ಅದು ಮನೆಯಿಂದ ಮನೆಗೆ ಹೋಗುತ್ತದೆ. ಎಲ್ಲರೂ ಓದಿದ ಮೇಲೆ ಉಡುಪಿ ಹೋಟೆಲೊಂದರ ಮಾಳಿಗೆಯಲ್ಲಿ ಸೇರಿ, ಇಷ್ಟವಾದವರು ಕೈ ಎತ್ತುತ್ತೇವೆ. ಈ ಸಲದ್ದು, ಬಾವಿಯೊಂದು ಹೆಸರು ಹಿಡಿದು ಕರೆಯುವ ಕೊಲೆಯ ಕಾದಂಬರಿ. ಕೊಂದವರು ಯಾರೆಂದು ಕೊನೆಗೂ ಹೇಳುವುದಿಲ್ಲ.

ಅದನ್ನು ಓದಿದ ಮೇಲೆ ನಾಲ್ಕು ದಿನ, ನೀರಿನ ಸದ್ದಿಗೆ ಹೆದರಿ, ನಾನು ಬಚ್ಚಲಿನ ಬಾಗಿಲು ತೆರೆದಿಟ್ಟೇ ಸ್ನಾನ ಮಾಡಿದ್ದೆ. ಇದನ್ನು ಹೇಳಿದರೆ ಎಲ್ಲರೂ ನಗುತ್ತಾರೆಂಬ ಭಯ ಬಾವಿಯ ಭಯಕ್ಕಿಂತ ದೊಡ್ಡದಿತ್ತು.

"ಹೆದರ್ಲಿಕ್ಕೆ ಅದ್ರಲ್ಲಿ ಎಂಥ ಉಂಟು ಮಾರಾಯ್ರೆ? ಬರೀ ಬೊಗಳೆ," ಎಂದರು ನಮ್ಮ ಕೂಟದವರೇ ಆದ ಹೋಟೆಲಿನ ಯಜಮಾನರು. ಇಬ್ಬರು ಹೌದೆಂದರು. ಇನ್ನಿಬ್ಬರು ಕೈ ಎತ್ತಿದರು. ಉಳಿದವಳು ನಾನು.

ಕಂಡಷ್ಟನ್ನೇ ಯಜಮಾನರಿಗೆ ಹೇಳಿದೆ. "ನಿಮ್ಮಿಂದ ನನ್ನ ಕೈಗೆ ಬಂದಾಗ ಪುಸ್ತಕ ಊದುಬತ್ತಿ ವಾಸನೆ ಹೊಡೀತಿತ್ತು. ಬಾವಿ ಬರೋ ಪುಟದಲ್ಲಿ ಕುಂಕುಮ ಇತ್ತು."

ಯಜಮಾನರ ಹೆಂಡತಿ ಕಾಫಿ ಲೋಟ ಇಡುತ್ತಾ ಹೇಳಿದರು: "ಮನೆಯೊಳಗೆ ತರ್ಲಿಕ್ಕೇ ಬಿಡ್ಲಿಲ್ಲ ಇವ್ರು. ಕೆಳಗೆ ಗಲ್ಲಾದ ಹತ್ರ ಗಣಪತಿ ಪಟದ ಅಡಿಯಲ್ಲಿಟ್ಟು, ಗಿರಾಕಿಗಳು ತುಂಬಿದ್ದಾಗ ಮಾತ್ರ ಓದಿದ್ದು."

ಎಲ್ಲರೂ ನಕ್ಕರು. ಆ ನಗು ನಿಲ್ಲುವ ಮೊದಲೇ ನಾನು ಬಚ್ಚಲಿನ ವಿಷಯ ಹೇಳಿಬಿಟ್ಟು ಕೈ ಎತ್ತಿದೆ. ಮೂರಕ್ಕೆ ಮೂರಾಯಿತು.

ಯಜಮಾನರು ಕಾಫಿ ಮುಗಿಸಿ, ನಿಧಾನವಾಗಿ ತಮ್ಮ ಕೈಯನ್ನೂ ಎತ್ತಿದರು. "ನಾಲ್ಕು ಅಂತ ಬರ್ಕೊಳ್ಳಿ. ಹೆದರಿದ್ದಕ್ಕಲ್ಲ, ಭಾಷೆ ಚಂದ ಉಂಟು ಅಂತ."