ಜಯರಾಜನ ಲೈನು

ಜಯರಾಜನಿಗೆ ಇಲ್ಲ ಎನ್ನಲು ಬರುವುದಿಲ್ಲ. ಮಂಗಳೂರಿನ ಮನುಷ್ಯ, ಫಾಸ್ಟರ್ ಸಿಟಿಯ ಲ್ಯಾಬಿನಲ್ಲಿ ಕೆಲಸ. ಹಬ್ಬದ ದಿನ ಯಾರಿಗೂ ಬೇಡವಾದ ಶಿಫ್ಟು ಅವನದೇ. ಲಿವರ್‌ಮೋರ್ ದೇವಸ್ಥಾನದ ಊಟದಲ್ಲಿ ಕೊನೆಯ ಪಂಕ್ತಿಯೂ ಅವನದೇ. ಅಷ್ಟು ಹೊತ್ತಿಗೆ ತಳ ಹಿಡಿದ ಪಾಯಸವಷ್ಟೇ ಉಳಿದಿರುತ್ತದೆ. "ಅಡ್ಜಸ್ಟ್ ಮಾಡುವ ಮಾರಾಯ್ರೆ" ಎಂದು ಅದನ್ನೂ ಉಣ್ಣುತ್ತಾನೆ. ನನಗೆ ಮೈ ಉರಿಯುತ್ತದೆ.

ಅವನ ಮಗ ಕಾರ್ತಿಕ್, ನನ್ನ ಮಗ ಕುಶಲ್ ಇಬ್ಬರೂ ಊರಿನ ಫುಟ್‌ಬಾಲ್ ತಂಡದಲ್ಲಿದ್ದಾರೆ. ಕಾಲಿನಿಂದ ಒದೆಯುವ ಆಟವಲ್ಲ, ಇಲ್ಲಿಯವರ ಡಿಕ್ಕಿ ಹೊಡೆಯುವ ಆಟ. ಕುಶಲ್ ಚೆಂಡು ಎಸೆಯುವವನು, ಕಡ್ಡಿಯಂಥ ಹುಡುಗ. ಎದುರಾಳಿಗಳು ಅವನ ಮೇಲೆ ಬೀಳದಂತೆ ಐದು ದಡಿಯರು ಅಡ್ಡ ನಿಲ್ಲಬೇಕು. ಅದಕ್ಕೆ ಲೈನು ಅನ್ನುತ್ತಾರೆ. ಕಾರ್ತಿಕ್ ಅದರಲ್ಲೊಬ್ಬ. ಲೈನಿಗೆ ತರಬೇತಿ ಕೊಡುವವನು ಜಯರಾಜನೇ, ಪುಕ್ಕಟೆ.

ಆಗಸ್ಟಿನಲ್ಲಿ ತಂಡ ಆರಿಸುವ ಮೀಟಿಂಗಿನಲ್ಲಿ ಹೆಡ್ ಕೋಚು, ಓಡಿ ಚೆಂಡು ಹಿಡಿಯುವವನೊಬ್ಬ ಹೆಚ್ಚಿಗೆ ಬೇಕು, ಒಟ್ಟು ಸಂಖ್ಯೆ ಏರಿಸುವಂತಿಲ್ಲ, ಯಾರು ತಮ್ಮವನೊಬ್ಬನನ್ನು ಕೈಬಿಡುತ್ತೀರಿ ಎಂದು ಕೇಳಿದ. ಉಳಿದ ಕೋಚುಗಳು ನೆಲ ನೋಡಿದರು. ಜಯರಾಜ "ವೀ ವಿಲ್ ಅಡ್ಜಸ್ಟ್" ಅಂದುಬಿಟ್ಟ! ಲೈನಿಗೆ ಬದಲಿಯಾಗಿದ್ದ ಇಬ್ಬರಲ್ಲಿ ಒಬ್ಬ ಹಾಗೆ ತಂಡದಿಂದಲೇ ಹೋದ. ಇನ್ನೊಬ್ಬ ಕಳೆದ ವಾರ ಬೆರಳು ಮುರಿದುಕೊಂಡ. ಹೊಸಬರನ್ನು ಸೇರಿಸುವ ಗಡುವು ಅಷ್ಟರಲ್ಲಿ ಮುಗಿದಿತ್ತು.

ಶನಿವಾರ ಡ್ಯಾನ್‌ವಿಲ್‌ನಲ್ಲಿ ಪಂದ್ಯ. ಅರ್ಧ ಆಟದ ಹೊತ್ತಿಗೆ ಕಾರ್ತಿಕ್ ಬಲಭುಜ ಹಿಡಿದುಕೊಂಡು ಬಂದು ಬೆಂಚಿನ ಮೇಲೆ ಕುಳಿತ. ಅಲ್ಲಿ ಉಳಿದವರೆಲ್ಲ ಓಡುವ ಹುಡುಗರು. ಅವರಲ್ಲೊಬ್ಬನನ್ನು ಲೈನಿಗೆ ನಿಲ್ಲಿಸಿದರೆ ಕುಶಲ್ ಚಟ್ನಿಯಾಗುತ್ತಾನೆ.

ನಾನು ಬೇಲಿಯ ಹತ್ತಿರ ಹೋಗಿ, "ಏನ್ ಮಾಡ್ತೀರಾ ಜಯರಾಜ್?" ಎಂದೆ.

"ಇವನನ್ನು ಕೂರಿಸಿದ್ರೆ ನಿಮ್ಮ ಮಗ ಇದ್ದಾನಲ್ಲ ಅಲ್ಲಿ, ಅವನಿಗೆ ಪೆಟ್ಟಾಗ್ತದೆ. ಆಡಿಸಿದ್ರೆ ಇವನ ಕೈ ಹೋಗ್ತದೆ. ನಾನೆಂತ ಮಾಡುದು, ನೀವೇ ಹೇಳಿ."

ಕೂರಿಸಿ ಎನ್ನುವ ಮಾತು ನನ್ನ ಬಾಯಿಗೆ ಬರಲಿಲ್ಲ. ನಾಚಿಕೆಯಾಯಿತು, ಆದರೂ ಬರಲಿಲ್ಲ.

ಸೀಟಿ ಊದಿದರು. ಕಾರ್ತಿಕ್ ಎದ್ದು, "ಇಟ್ಸ್ ಓಕೆ ಪಪ್ಪ, ಅಡ್ಜಸ್ಟ್ ಮಾಡುವ" ಎಂದು ಅಪ್ಪನ ಕೈಯಲ್ಲಿದ್ದ ಹೆಲ್ಮೆಟ್ಟಿಗೆ ಎಡಗೈ ಚಾಚಿದ. ಬಲಗೈ ಮೇಲೇಳಲಿಲ್ಲ.

ಜಯರಾಜ ಹೆಲ್ಮೆಟ್ಟು ಬಿಡಲಿಲ್ಲ. "ಇಲ್ಲ" ಅಂದ. ನನ್ನ ಮುಖ ನೋಡದೆ ಬೆಂಚಿನಿಂದ ಒಬ್ಬ ಸಣಕಲು ಹುಡುಗನನ್ನು ಲೈನಿಗೆ ಕಳಿಸಿದ.

ಮೈದಾನದಲ್ಲಿ ಕುಶಲ್, ಕಾರ್ತಿಕ್ ಬರುತ್ತಾನೇನೋ ಎಂದು ತಿರುಗಿ ತಿರುಗಿ ನೋಡುತ್ತಿದ್ದ.